ಸೊಲ್ಲಾಪುರದ ಪುಟ್ಟ ವಿಮಾನ ನಿಲ್ದಾಣ: ಅವ್ವನನ್ನು ಕರೆದುಕೊಂಡು ಹೋಗಬಹುದೇ?

ಪ್ರಶ್ನೆ: ನಾವು ಅಕ್ಕಲಕೋಟೆ ತಾಲ್ಲೂಕಿನವರು. ಅವ್ವನಿಗೆ 72 ವರ್ಷ, ಎರಡೂ ಮೊಣಕಾಲು ನೋವು. ಮುಂಬೈಯಲ್ಲಿ ಆಪರೇಷನ್ ನಿಕ್ಕಿಯಾಗಿದೆ. ಸೊಲ್ಲಾಪುರದಿಂದ ವಿಮಾನ ಶುರುವಾಗಿದೆಯಲ್ಲ, ಅದರಲ್ಲೇ ಹೋಗೋಣ ಎಂದು ನನ್ನ ಆಸೆ. ಚೇತರಿಸಿಕೊಂಡ ಮೇಲೆ ಗೋವಾದಲ್ಲಿರುವ ತಮ್ಮನ ಮನೆಗೂ ಒಮ್ಮೆ ಕರೆದೊಯ್ಯಬೇಕು. ಮನೆಯಲ್ಲಿ ಮಾತ್ರ ಬೇಡ ಅನ್ನುತ್ತಾರೆ. "ಅದು ಬಸ್ ಸ್ಟ್ಯಾಂಡಿನಷ್ಟಿದೆ, ಸಣ್ಣ ವಿಮಾನ, ಯಾವಾಗ ಕ್ಯಾನ್ಸಲ್ ಆಗುತ್ತೋ ಗೊತ್ತಿಲ್ಲ" ಎಂಬ ಮಾತು. ಇಷ್ಟು ಚಿಕ್ಕ ನಿಲ್ದಾಣ ಸುರಕ್ಷಿತವೇ? ದೊಡ್ಡ ವಿಮಾನ ಯಾಕೆ ಬರುವುದಿಲ್ಲ? ವ್ಹೀಲ್‌ಚೇರ್ ಸಿಗುತ್ತದೆಯೇ? ಇನ್ನೊಂದು ವಿಷಯ. ಹೊಟಗಿ ರಸ್ತೆಯ ಕಡೆ ನಮ್ಮದೊಂದು ಪ್ಲಾಟ್ ಇದೆ. ಮೂರು ಮಹಡಿ ಕಟ್ಟಲು ವಿಮಾನದವರ ಅಡ್ಡಿ ಇದೆಯೇ?

ಉತ್ತರ: ಕರೆದುಕೊಂಡು ಹೋಗಿ, ತೊಂದರೆ ಇಲ್ಲ. ಆದರೆ ಆಸ್ಪತ್ರೆಗೆ ಸೇರುವ ದಿನವೇ ಮುಂಬೈ ಮುಟ್ಟುವ ಹಾಗೆ ಟಿಕೆಟ್ ತೆಗೆಯಬೇಡಿ. ಎರಡು ದಿನ ಮೊದಲೇ ಅಲ್ಲಿರಿ. ನಿಮ್ಮ ಮನೆಯವರ ಅನುಮಾನದಲ್ಲಿ ಅರ್ಧ ಸರಿ, ಅರ್ಧ ತಪ್ಪು. ಚಿಕ್ಕ ನಿಲ್ದಾಣ ಅಂದರೆ ಅಪಾಯ ಎಂದುಕೊಳ್ಳುವುದು ತಪ್ಪು. ವಿಮಾನ ಹೇಳಿದ ಹೊತ್ತಿಗೆ ಬರುತ್ತದೋ ಇಲ್ಲವೋ ಎಂಬ ಚಿಂತೆ ಸರಿ. ಆದರೆ ಅದಕ್ಕೂ ಕಟ್ಟಡ ಬಸ್ ಸ್ಟ್ಯಾಂಡಿನಷ್ಟಿರುವುದಕ್ಕೂ ಸಂಬಂಧ ಇಲ್ಲ.

ನಾನು ವಿಮಾನ ನಿಲ್ದಾಣಗಳ ಕೆಲಸದಲ್ಲೇ ವಯಸ್ಸು ಕಳೆದವನು. ಜನ ನಿಲ್ದಾಣವನ್ನು ಅಳೆಯುವುದು ಗಾಜಿನ ಗೋಡೆ, ಎಸ್ಕಲೇಟರ್, ಕಾಫಿ ಅಂಗಡಿ ನೋಡಿ. ವಿಮಾನ ಬರಬೇಕೋ ಬೇಡವೋ ಎಂಬುದು ತೀರ್ಮಾನವಾಗುವುದು ಆ ಗೋಡೆಯ ಆಚೆ. ರನ್‌ವೇ ಎಷ್ಟುದ್ದ, ಸುತ್ತಮುತ್ತ ಏನು ಎತ್ತರಕ್ಕೆ ನಿಂತಿದೆ, ಮಬ್ಬು ಕವಿದರೆ ಪೈಲಟ್‌ಗೆ ದಾರಿ ತೋರಿಸುವುದು ಯಾವುದು, ಬೆಂಕಿ ಆರಿಸುವ ಗಾಡಿ ಯಾವ ದರ್ಜೆಯದು, ಟವರಿನಲ್ಲಿ ಎಷ್ಟು ಗಂಟೆಯವರೆಗೆ ಜನ ಇರುತ್ತಾರೆ. ಚಿಕ್ಕ ನಿಲ್ದಾಣದಲ್ಲಿ ಸೌಲಭ್ಯ ಅಂದರೆ ಮೊದಲು ಇವು. ಊಟ, ಅಂಗಡಿ, ಹವಾನಿಯಂತ್ರಣ ಎಲ್ಲ ಆಮೇಲೆ.

ಸೊಲ್ಲಾಪುರದ ಕಥೆಯನ್ನೇ ನೋಡಿ. ಹೊಟಗಿ ರಸ್ತೆಯ ಈ ವಿಮಾನತಳ ಹೊಸದಲ್ಲ. ಕಿಂಗ್‌ಫಿಷರ್‌ನವರು ಕೆಲಕಾಲ ಮುಂಬೈಗೆ ವಿಮಾನ ಹಾರಿಸಿ 2010ರ ಹೊತ್ತಿಗೆ ನಿಲ್ಲಿಸಿದರು. ಆಮೇಲೆ ವರ್ಷಗಟ್ಟಲೆ ಮಂತ್ರಿಗಳ ವಿಮಾನ, ಹೆಲಿಕಾಪ್ಟರ್ ಬಿಟ್ಟರೆ ಬೇರೇನೂ ಇಲ್ಲ. 2024ರ ಸೆಪ್ಟೆಂಬರ್ 29ರಂದು ಪ್ರಧಾನಿಯವರು ವಿಡಿಯೊ ಮೂಲಕ ಉದ್ಘಾಟಿಸಿದರು. ಉದ್ಘಾಟನೆಯೇನೋ ಆಯಿತು, ವಿಮಾನ ಬರಲಿಲ್ಲ. ಫ್ಲೈ91 ಕಂಪನಿಯ ಗೋವಾ ಹಾರಾಟ ಶುರುವಾಗಿದ್ದು 2025ರ ಜೂನ್ 9ಕ್ಕೆ. ಸ್ಟಾರ್ ಏರ್ ಮುಂಬೈ ಹಾರಾಟ ಶುರುಮಾಡಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಕಟ್ಟಡಕ್ಕೆ ಬಣ್ಣ ಬಳಿಯುವುದು ಸುಲಭ. ಲೈಸೆನ್ಸಿನ ಷರತ್ತು ಪೂರೈಸಿ, ವಿಮಾನ ಕಂಪನಿಯನ್ನು ಒಪ್ಪಿಸಿ, ವಿಮಾನ ಹೊಂದಿಸುವ ಹೊತ್ತಿಗೆ ತಿಂಗಳುಗಳು ಉರುಳುತ್ತವೆ.

ಇನ್ನು ಚಿಮಣಿ. ನೀವು ಅಕ್ಕಲಕೋಟೆಯವರು, ಆ ಗಲಾಟೆ ನಿಮಗೆ ಗೊತ್ತೇ ಇರುತ್ತದೆ. ವಿಮಾನತಳದ ಹತ್ತಿರವೇ ಇರುವ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ವಿದ್ಯುತ್ ಘಟಕಕ್ಕಾಗಿ ಸುಮಾರು 90 ಮೀಟರ್ ಎತ್ತರದ ಚಿಮಣಿ ಕಟ್ಟಿದ್ದರು. ವರ್ಷಾನುಗಟ್ಟಲೆ ಮೊಕದ್ದಮೆ, ಮೋರ್ಚಾ, ಪ್ರತಿಮೋರ್ಚಾ. ಕಡೆಗೆ 2023ರ ಜೂನ್ 15ರಂದು ಕೆಡವಿದರು. ಅದು ಬಿದ್ದ ವಿಡಿಯೊವನ್ನು ಇಡೀ ಜಿಲ್ಲೆ ನೋಡಿತು. ಆದರೆ ಒಂದು ಚಿಮಣಿ ವಿಮಾನವನ್ನು ತಡೆಯುವುದು ಹೇಗೆ ಅಂತ ಯಾರೂ ಸರಿಯಾಗಿ ಬಿಡಿಸಿ ಹೇಳಲಿಲ್ಲ. "ವಿಮಾನ ಅದರ ಮೇಲೆ ಹಾರಿ ಹೋಗಬಾರದೇ" ಎಂದು ಕೇಳುವವರು ಈಗಲೂ ಇದ್ದಾರೆ.

ಲೆಕ್ಕ ಸರಳ. ರನ್‌ವೇ ತುದಿಯಿಂದ ವಿಮಾನ ಏರುವ ದಾರಿಯಲ್ಲಿ ಒಂದು ಅದೃಶ್ಯ ಇಳಿಜಾರು ಇದೆ ಅಂದುಕೊಳ್ಳಿ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅದು 50 ಮೀಟರ್ ಮುಂದೆ ಹೋದರೆ 1 ಮೀಟರ್ ಏರುತ್ತದೆ. ಈ ಇಳಿಜಾರನ್ನು ಸೀಳಿಕೊಂಡು ಏನೂ ಮೇಲೆ ಬರಬಾರದು. ಅಂದರೆ 90 ಮೀಟರ್ ಎತ್ತರದ ವಸ್ತು ಆ ದಾರಿಯಲ್ಲಿ ಇರಬೇಕಾದರೆ ರನ್‌ವೇಯಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಆಚೆ ಇರಬೇಕು. ದಾರಿಯ ಪಕ್ಕಕ್ಕಿದ್ದರೆ ಸರಿಯೇ? ಆಗಲೂ ಇಲ್ಲ. ವಿಮಾನ ಇಳಿಯುವ ಮೊದಲು ಸುತ್ತು ಹಾಕುವುದಕ್ಕಾಗಿ ರನ್‌ವೇಯ ಸುತ್ತ 4 ಕಿಲೋಮೀಟರ್ ತ್ರಿಜ್ಯದಲ್ಲಿ 45 ಮೀಟರ್ ಎತ್ತರದ ಇನ್ನೊಂದು ಅದೃಶ್ಯ ಚಪ್ಪರ ಇದೆ. ಚಿಮಣಿ ಅದರ ಎರಡು ಪಟ್ಟು. ಎಲ್ಲ ಎಂಜಿನ್ ಚೆನ್ನಾಗಿದ್ದಾಗ ವಿಮಾನ ಅದನ್ನು ಸುಲಭವಾಗಿ ದಾಟುತ್ತದೆ, ನಿಜ. ನಿಯಮ ಬರೆದಿರುವುದು ಹಾರುವಾಗಲೇ ಒಂದು ಎಂಜಿನ್ ಕೈಕೊಟ್ಟರೆ ಏನು ಗತಿ ಎಂದು ಯೋಚಿಸಿ. ಆಗ ಎರಡನೇ ಎಂಜಿನ್ನಿನ ಬಲದಲ್ಲಿ ವಿಮಾನ ನಿಧಾನ ಏರುತ್ತದೆ. ಆ ನಿಧಾನದ ಏರಿಕೆಗೆ ದಾರಿ ಖಾಲಿ ಇರಬೇಕು.

ಕಬ್ಬು ಬೆಳೆದವರ ಸಿಟ್ಟೂ ನನಗೆ ಅರ್ಥವಾಗುತ್ತದೆ. ಕಾರ್ಖಾನೆ ಅವರದೇ ಷೇರಿನದು, ಹಂಗಾಮು ತಪ್ಪಿದರೆ ಹೊಡೆತ ಅವರಿಗೆ. ಆದರೆ ಆ ಚಿಮಣಿಗಿಂತ ರನ್‌ವೇ ಮೊದಲೇ ಇತ್ತು. ನಗರದ ನಡುವಿನ ವಿಮಾನತಳದ ಕಷ್ಟ ಇದೇ. ಊರು ಬೆಳೆಯುತ್ತದೆ, ರನ್‌ವೇ ಬೆಳೆಯಲು ಜಾಗ ಇರುವುದಿಲ್ಲ. ಸೊಲ್ಲಾಪುರದ ಹೊರಗೆ ಬೋರಾಮಣಿಯಲ್ಲಿ ದೊಡ್ಡ ವಿಮಾನತಳ ಮಾಡುವ ಮಾತು ಎಷ್ಟೋ ವರ್ಷಗಳಿಂದ ಇದೆ. ರೈತರ ಜಮೀನು ತೆಗೆದುಕೊಂಡದ್ದೂ ಆಗಿದೆ. ಅರಣ್ಯದ ಒಂದು ತುಂಡು ಜಮೀನು, ಮಾಳಢೋಕ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಪ್ರಶ್ನೆ ಅದನ್ನು ಹಿಡಿದಿಟ್ಟವು. ನಮ್ಮ ಕಡೆ ಯರ್ಲಡ್ಡು ಅನ್ನುತ್ತಾರಲ್ಲ, ಅದೇ ಹಕ್ಕಿ. ನಾನ್ನಜದ ಅಭಯಾರಣ್ಯ ಅದಕ್ಕಾಗಿಯೇ ಇರುವುದು. ಬೋರಾಮಣಿ ಆದಾಗ ನೋಡೋಣ. ನಿಮ್ಮ ಅವ್ವನ ಕಾಲು ಅಲ್ಲಿಯವರೆಗೆ ಕಾಯುವುದಿಲ್ಲ.

ದೊಡ್ಡ ವಿಮಾನ ಯಾಕಿಲ್ಲ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಹೊಟಗಿ ರಸ್ತೆಯ ರನ್‌ವೇ ಸುಮಾರು 2 ಕಿಲೋಮೀಟರ್. ಗೋವಾಕ್ಕೆ ಹೋಗುವ ಎಟಿಆರ್-72 ಎಂಬ ಪ್ರೊಪೆಲ್ಲರ್ ವಿಮಾನಕ್ಕೆ ತುಂಬಿದಾಗಲೂ ಹದಿಮೂರು-ಹದಿನಾಲ್ಕು ನೂರು ಮೀಟರ್ ಸಾಕು. ಇಂಡಿಗೊದವರ ಹತ್ತಿರ ಇರುವ ಏರ್‌ಬಸ್ ಎ320ರಂಥದ್ದಕ್ಕೆ ಪೂರ್ತಿ ಭಾರ ಹೊತ್ತಾಗ ಸುಮಾರು 2,100 ಮೀಟರ್ ಬೇಕು. ಅದೂ ಸಮುದ್ರಮಟ್ಟದಲ್ಲಿ, 15 ಡಿಗ್ರಿ ತಂಪಿನಲ್ಲಿ. ಸೊಲ್ಲಾಪುರದಲ್ಲಿ 15 ಡಿಗ್ರಿ ಯಾವಾಗ ಕಂಡಿದ್ದೀರಿ? ಡಿಸೆಂಬರಿನ ನಸುಕಿನಲ್ಲಿ ಕಂಬಳಿಯೊಳಗೆ ಇದ್ದಾಗ, ಅಲ್ವಾ. ಮೇ ತಿಂಗಳಲ್ಲಿ ಇಲ್ಲಿ 42-43 ಡಿಗ್ರಿ. ಬಿಸಿ ಗಾಳಿ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೂ ತಳ್ಳುವ ಬಲ ಕಡಿಮೆ. ಊರು ಸಮುದ್ರಮಟ್ಟದಿಂದ ನಾಲ್ಕೂವರೆ ನೂರು ಮೀಟರಿನಷ್ಟು ಎತ್ತರದಲ್ಲಿ ಬೇರೆ ಇದೆ, ಅದೂ ಸ್ವಲ್ಪ ತೆಳುಮಾಡುತ್ತದೆ. ಹಾಗಾಗಿ ವಿಮಾನ ಇನ್ನೂ ಉದ್ದ ಓಡಬೇಕು. ಓಡಲು ಜಾಗ ಇಲ್ಲದಿದ್ದರೆ ಭಾರ ಇಳಿಸಬೇಕು. ಭಾರ ಅಂದರೆ ಜನ, ಸಾಮಾನು, ಇಂಧನ. ಎಪ್ರಿಲ್-ಮೇ ಮಧ್ಯಾಹ್ನದ ಹಾರಾಟದಲ್ಲಿ ಕೆಲವು ಸೀಟು ಖಾಲಿ ಬಿಡುವುದು, ಕೆಲವರ ಬ್ಯಾಗು ಹಿಂದೆ ಉಳಿಯುವುದು ಇಂಥ ನಿಲ್ದಾಣಗಳಲ್ಲಿ ಆಗುತ್ತದೆ. ಕಂಪನಿಯವರ ಸೋಮಾರಿತನ ಅಂತ ಬೈಯುತ್ತೇವೆ. ಅದು ಹವೆಯ ಲೆಕ್ಕ. ಬೇಸಿಗೆಯಲ್ಲಿ ಆರಿಸಿಕೊಳ್ಳಲು ಅವಕಾಶವಿದ್ದರೆ ಬೆಳಗಿನ ಹಾರಾಟವೇ ಇರಲಿ.

ಇಂಧನದ್ದೂ ಒಂದು ಸಂಗತಿ. ಎಷ್ಟೋ ಚಿಕ್ಕ ನಿಲ್ದಾಣಗಳಲ್ಲಿ ವಿಮಾನದ ಇಂಧನ ಸಿಗುವುದಿಲ್ಲ. ಆಗ ಬರುವಾಗಲೇ ಹೋಗಿಬರುವ ಎರಡೂ ದಾರಿಯ ಇಂಧನ ಹೊತ್ತು ತರಬೇಕು. ಅದೂ ಭಾರವೇ.

ಸುರಕ್ಷತೆಗೆ ಬರೋಣ. ಸೇನೆಯ ವಿಮಾನತಳಗಳನ್ನು ಬಿಟ್ಟರೆ, ವೇಳಾಪಟ್ಟಿಯ ಪ್ರಯಾಣಿಕರ ವಿಮಾನ ಇಳಿಯುವ ಪ್ರತಿ ನಿಲ್ದಾಣಕ್ಕೂ ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ) ಲೈಸೆನ್ಸ್ ಬೇಕು. ಊರು ಚಿಕ್ಕದು ಎಂದು ಇದರಲ್ಲಿ ರಿಯಾಯಿತಿ ಇಲ್ಲ. ಬೆಂಕಿ ಆರಿಸುವ ವ್ಯವಸ್ಥೆಗೆ 1ರಿಂದ 10ರವರೆಗೆ ದರ್ಜೆಗಳಿವೆ. ಯಾವ ದರ್ಜೆ ಬೇಕು ಎನ್ನುವುದು ಬರುವ ವಿಮಾನದ ಉದ್ದ-ಅಗಲದ ಮೇಲೆ. ಎಟಿಆರ್-72 ಸುಮಾರು 27 ಮೀಟರ್ ಉದ್ದ, ಅದಕ್ಕೆ 5ನೇ ದರ್ಜೆ. ಸ್ಟಾರ್ ಏರ್‌ನ ಎಂಬ್ರೇಯರ್-175 ಸುಮಾರು 32 ಮೀಟರ್, ಅದು 6ನೇ ದರ್ಜೆಗೆ ಬರುತ್ತದೆ. ಎ320 ಕೂಡ ಅದೇ 6ನೇ ದರ್ಜೆ. ವರ್ಷದ ಅತಿ ದಟ್ಟಣೆಯ ಮೂರು ತಿಂಗಳಲ್ಲಿ ಅಂಥ ವಿಮಾನ 700 ಸಲಕ್ಕಿಂತ ಕಡಿಮೆ ಏರಿಳಿಯುವ ಕಡೆ ಒಂದು ದರ್ಜೆ ಕಡಿಮೆ ಇರಲು ನಿಯಮದಲ್ಲೇ ಅವಕಾಶವಿದೆ. ದರ್ಜೆ ಏನೇ ಇರಲಿ, ಕರೆ ಬಂದ 3 ನಿಮಿಷದೊಳಗೆ ರನ್‌ವೇಯ ಯಾವ ತುದಿಯಲ್ಲಾದರೂ ನೀರು-ನೊರೆ ಸುರಿಯಲು ಶುರುವಾಗಬೇಕು. ಚಿಕ್ಕ ನಿಲ್ದಾಣದಲ್ಲಿ ಇದು ನಿಜವಾಗಿ ಸುಲಭ. ದೂರ ಕಡಿಮೆ, ಅಡ್ಡಬರುವ ಬೇರೆ ವಿಮಾನಗಳಿಲ್ಲ. ಅಂಥ ದಿನ ಯಾರಿಗೂ ಬರದಿರಲಿ.

ನನಗೆ ಚಿಕ್ಕ ನಿಲ್ದಾಣಗಳಲ್ಲಿ ಹೆದರಿಕೆ ಇರುವುದು ಬೇರೆಯದಕ್ಕೆ: ಹಕ್ಕಿ, ನಾಯಿ, ಗಾಳಿಪಟ. ನಿಲ್ದಾಣದ 10 ಕಿಲೋಮೀಟರ್ ಒಳಗೆ ಹಕ್ಕಿಗಳನ್ನು ಸೆಳೆಯುವ ಹಾಗೆ ಕಸ ಸುರಿಯುವುದು, ಬಯಲಿನಲ್ಲಿ ಪ್ರಾಣಿ ಕಡಿಯುವುದು ವಿಮಾನ ನಿಯಮಗಳ ಪ್ರಕಾರ ಅಪರಾಧ. ಸುತ್ತಲಿನ ಊರಿನವರಿಗೆ ಇದನ್ನು ಯಾರು ಹೇಳುತ್ತಾರೆ? ಕಸದ ರಾಶಿ ಕಂಡ ಕಡೆ ಹದ್ದು ಸುತ್ತುತ್ತದೆ, ಹದ್ದು ಸುತ್ತುವ ಎತ್ತರದಲ್ಲೇ ವಿಮಾನ ಇಳಿಯುತ್ತದೆ. ಇಲ್ಲಿ ನಗರಪಾಲಿಕೆ ಹಾಗೂ ಗ್ರಾಮ ಪಂಚಾಯ್ತಿಗಳ ಕೆಲಸ ಪೈಲಟ್‌ನ ಕೆಲಸದಷ್ಟೇ ದೊಡ್ಡದು.

ಈಗ ಕ್ಯಾನ್ಸಲ್ ಆಗುವ ವಿಷಯ. ನಿಮ್ಮ ಮನೆಯವರು ಸರಿಯಾಗಿ ಹೇಳಿದ್ದು ಇದನ್ನೇ.

ದೊಡ್ಡ ನಿಲ್ದಾಣಗಳಲ್ಲಿ ಐಎಲ್‌ಎಸ್ ಎಂಬ ಉಪಕರಣ ಇರುತ್ತದೆ. ಅದರ ರೇಡಿಯೊ ಕಿರಣ ಹಿಡಿದು ಪೈಲಟ್ 200 ಅಡಿ ಎತ್ತರದವರೆಗೆ ಮೋಡದೊಳಗೇ ಇಳಿದು ಬರಬಹುದು, ರನ್‌ವೇಯಲ್ಲಿ 550 ಮೀಟರ್ ದೂರ ಕಂಡರೂ ಸಾಕು. ಯಾವ ಉಪಕರಣವೂ ಇಲ್ಲದೆ ಕಣ್ಣಳತೆಯಲ್ಲೇ ಇಳಿಯಬೇಕಾದ ಕಡೆ 5 ಕಿಲೋಮೀಟರ್ ದೂರ ಕಾಣಬೇಕು, ಮೋಡ 1,500 ಅಡಿಗಿಂತ ಕೆಳಗೆ ಇರಬಾರದು. ಈ ಎರಡರ ನಡುವೆ ಹಲವು ಬಗೆಯ ಉಪಕರಣಗಳಿವೆ, ಒಂದೊಂದಕ್ಕೂ ಒಂದೊಂದು ಮಿತಿ. ಚಿಕ್ಕ ನಿಲ್ದಾಣಗಳ ಮಿತಿ ಸಾಮಾನ್ಯವಾಗಿ ಬಿಗಿ. ಮುಂಬೈಯಿಂದ ಹೊರಟ ವಿಮಾನ ನಮ್ಮ ಊರಿನ ಮೇಲೆ ಒಂದೆರಡು ಸುತ್ತು ಹಾಕಿ ವಾಪಸ್ ಹೋಯಿತು ಎಂದು ಕೇಳಿದರೆ ಗಾಬರಿಯಾಗಬೇಡಿ. ಮಿತಿಯೊಳಗೆ ರನ್‌ವೇ ಕಾಣದಿದ್ದರೆ ಪೈಲಟ್ ಹಾಗೆಯೇ ಮಾಡಬೇಕು. ಒಂದು ಸಮಾಧಾನ: ನಮ್ಮ ಗಗನ್ ಉಪಗ್ರಹ ವ್ಯವಸ್ಥೆಯಿಂದ ನೆಲದ ದುಬಾರಿ ಉಪಕರಣ ಇಲ್ಲದೆಯೂ ಐಎಲ್‌ಎಸ್‌ನ ಹತ್ತಿರ ಬರುವ ನಿಖರತೆ ಸಿಗುತ್ತದೆ. 2022ರ ಎಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೊದ ಒಂದು ಎಟಿಆರ್ ಹಾಗೆ ಇಳಿದು ತೋರಿಸಿತು. ಸೊಲ್ಲಾಪುರದಂಥ ಊರುಗಳಿಗೆ ಗಾಜಿನ ಟರ್ಮಿನಲ್‌ಗಿಂತ ಇದೇ ದೊಡ್ಡ ಉಪಕಾರ. ಮಂತ್ರಿಗಳನ್ನು ಕೇಳುವುದಾದರೆ ಇದನ್ನು ಕೇಳಿ.

ಹವೆಯ ವಿಷಯದಲ್ಲಿ ನಮ್ಮ ಕಡೆಯವರು ಅದೃಷ್ಟವಂತರು. ಬರಗಾಲದ ಸೀಮೆ, ಮಳೆ ಕಡಿಮೆ, ಆಕಾಶ ಬಹಳ ದಿನ ತೆರವು. ತೊಂದರೆ ಜಾಸ್ತಿ ಬರುವುದು ಆ ತುದಿಯಿಂದ. ಮುಂಬೈಯಲ್ಲಿ ರನ್‌ವೇ ಎರಡಿದ್ದರೂ ಒಂದನ್ನೊಂದು ಅಡ್ಡ ಹಾಯುತ್ತವೆ, ಒಟ್ಟಿಗೆ ಬಳಸಲು ಆಗುವುದಿಲ್ಲ. ಗಂಟೆಗೆ 40ಕ್ಕೂ ಹೆಚ್ಚು ವಿಮಾನ ಏರಿ ಇಳಿಯುವ ಜಾಗ ಅದು. ಜುಲೈ ಮಳೆಯಲ್ಲಿ ಅಲ್ಲಿ ಒಂದು ಗಂಟೆ ಕೆಟ್ಟರೆ ಸಂಜೆಯವರೆಗೆ ಎಲ್ಲ ಏರುಪೇರು. ಪ್ರಾದೇಶಿಕ ಕಂಪನಿಗಳ ಹತ್ತಿರ ವಿಮಾನಗಳೂ ಕಡಿಮೆ. ಒಂದೇ ವಿಮಾನ ಬೆಳಿಗ್ಗೆಯಿಂದ ನಾಲ್ಕೈದು ಊರು ಸುತ್ತುತ್ತದೆ. ಮೊದಲ ಊರಿನಲ್ಲಿ ಟೈರ್ ಬದಲಿಸಬೇಕಾಗಿ ಬಂದರೆ ಕೊನೆಯ ಊರಿನವರು ಮಧ್ಯಾಹ್ನವೆಲ್ಲ ಕಾಯಬೇಕು. ಬದಲಿ ವಿಮಾನ ತಂದು ನಿಲ್ಲಿಸಲು ಅವರ ಹತ್ತಿರ ಇರುವುದಿಲ್ಲ.

ಕಾದರೂ ಸಂಜೆ ಬರುತ್ತದೆ ಎಂಬ ಭರವಸೆಯೂ ಚಿಕ್ಕ ನಿಲ್ದಾಣದಲ್ಲಿ ಇಲ್ಲ. ಟವರ್, ಅಗ್ನಿಶಾಮಕ ದಳ, ಭದ್ರತೆ ಎಲ್ಲವೂ ಗೊತ್ತಾದ ಗಂಟೆಗಳಲ್ಲಿ ಮಾತ್ರ ಇರುತ್ತವೆ. ವಿಮಾನ ತಡವಾದರೆ ಮೊದಲೇ ಕೇಳಿ ಸಮಯ ವಿಸ್ತರಿಸಿಕೊಳ್ಳಬೇಕು. ಕತ್ತಲಾದ ಮೇಲೆ ಕಣ್ಣಳತೆಯಲ್ಲಿ ಇಳಿಯುವುದಕ್ಕೆ ನಮ್ಮ ದೇಶದಲ್ಲಿ ಅನುಮತಿಯೇ ಇಲ್ಲ. ಸೂರ್ಯ ಮುಳುಗಿದ 20 ನಿಮಿಷಕ್ಕೆ ಬಾಗಿಲು ಮುಚ್ಚಿದ ಹಾಗೆಯೇ. ಅದಕ್ಕೇ ಟಿಕೆಟ್ ತೆಗೆಯುವಾಗ ಒಂದು ಕಣ್ಣು ಸೂರ್ಯಾಸ್ತದ ಮೇಲಿರಲಿ. ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮೊದಲು ಹೊರಡುವ ಹಾರಾಟಕ್ಕಿಂತ ಬೆಳಗಿನದು ಯಾವಾಗಲೂ ಗಟ್ಟಿ.

ಹಾರಾಟ ಎಷ್ಟು ವರ್ಷ ಉಳಿಯುತ್ತದೆ ಎಂಬುದೂ ಬೇರೆ ಪ್ರಶ್ನೆ. ಪಕ್ಕದ ಬೀದರ್ ನೋಡಿ. 2020ರ ಫೆಬ್ರುವರಿಯಲ್ಲಿ ಟ್ರೂಜೆಟ್ ಬಂತು, ನಿಂತಿತು. 2022ರಲ್ಲಿ ಸ್ಟಾರ್ ಏರ್ ಬಂತು, ಅದೂ ಮಧ್ಯೆ ನಿಂತು 2025ರಲ್ಲಿ ಮತ್ತೆ ಶುರುವಾಯಿತು. ಕಲಬುರಗಿಯಲ್ಲಿ 3,175 ಮೀಟರಿನ ರನ್‌ವೇ ಇದೆ, ನಮ್ಮದಕ್ಕಿಂತ ಒಂದು ಕಿಲೋಮೀಟರ್ ಜಾಸ್ತಿ. 2019ರಲ್ಲಿ ಉದ್ಘಾಟನೆಯಾದಾಗ ಏನು ಸಂಭ್ರಮ! ಅಲ್ಲಿಯೂ ಹಾರಾಟಗಳು ನೆಲೆ ನಿಲ್ಲಲು ಒದ್ದಾಡಿವೆ. ಚಿಕ್ಕ ಊರಿನ ವಿಮಾನ ನಡೆಯುವುದು ಬಹುಪಾಲು ಸರ್ಕಾರದ ಸಹಾಯಧನದ ಮೇಲೆ. ಉಡಾನ್ ಯೋಜನೆಯಲ್ಲಿ ಈ ಸಹಾಯ ಮೂರು ವರ್ಷಕ್ಕೆ. ಅಷ್ಟರಲ್ಲಿ ಸೀಟು ತುಂಬುವ ಅಭ್ಯಾಸ ಊರಿಗೆ ಆಗಬೇಕು. ಸೊಲ್ಲಾಪುರಕ್ಕೆ ಈ ವಿಷಯದಲ್ಲಿ ಬಲವಿದೆ. ಅಕ್ಕಲಕೋಟೆ, ಪಂಢರಪುರ, ತುಳಜಾಪುರ, ಗಾಣಗಾಪುರ ಎಲ್ಲಕ್ಕೂ ಇದು ಹತ್ತಿರದ ದಾರಿ. ಆದರೂ ಆರು ತಿಂಗಳು ಮುಂಚೆ ಟಿಕೆಟ್ ತೆಗೆದಿಡುವ ಧೈರ್ಯ ನಾನು ಮಾಡುವುದಿಲ್ಲ. ಆರೆಂಟು ವಾರ ಮೊದಲು ಸಾಕು.

ರೈಲು ಕೈಯಲ್ಲಿರಲಿ. ಸಿದ್ಧೇಶ್ವರ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಮುಂಬೈ. 2023ರ ಫೆಬ್ರುವರಿಯಿಂದ ವಂದೇ ಭಾರತ್ ಇದೆ, ಸುಮಾರು ಆರೂವರೆ ಗಂಟೆ. ವಿಮಾನ ಹಾರುವುದು ಒಂದು ಗಂಟೆಯ ಆಸುಪಾಸು. ಆದರೆ ಊರಿಂದ ವಿಮಾನತಳಕ್ಕೆ 40 ಕಿಲೋಮೀಟರ್, ಅಲ್ಲಿ ಕಾಯುವುದು, ಮುಂಬೈಯಲ್ಲಿ ಟ್ರಾಫಿಕ್ ಸೇರಿಸಿದರೆ ನಾಲ್ಕೈದು ಗಂಟೆ. ಮೊಣಕಾಲು ಮಡಚಿ ಕೂರುವುದು ಕಷ್ಟವಾದವರಿಗೆ ಆ ವ್ಯತ್ಯಾಸವೂ ದೊಡ್ಡದೇ. ನನ್ನ ಸಲಹೆ ಕೇಳುವುದಾದರೆ ಹೋಗುವಾಗ ವಿಮಾನ, ಬರುವಾಗ ಡಾಕ್ಟರು ಹೇಳಿದ ಹಾಗೆ. ಕಾಲಿನ ಆಪರೇಷನ್ ಆದ ಮೇಲೆ ಬಹಳ ಹೊತ್ತು ಕೂತರೆ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ಎಷ್ಟು ವಾರ ಬಿಟ್ಟು ಹಾರಬಹುದು ಎಂದು ಅವರನ್ನೇ ಕೇಳಿ, ಹಾರಬಹುದು ಎಂಬ ಪತ್ರ ಬರೆಸಿಕೊಳ್ಳಿ. ಲೋಹದ ಕೀಲು ಹಾಕಿದರೆ ತಪಾಸಣೆಯ ಬಾಗಿಲು ಕೂಗುತ್ತದೆ. ಡಿಸ್ಚಾರ್ಜ್ ಕಾಗದ ಕೈಚೀಲದಲ್ಲಿರಲಿ, ಮೊದಲೇ ಹೇಳಿಬಿಡಿ.

ವ್ಹೀಲ್‌ಚೇರ್ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಆದರೆ ಟಿಕೆಟ್ ಮಾಡುವಾಗಲೇ ಕೇಳಿ, ತಡವೆಂದರೆ 48 ಗಂಟೆ ಮೊದಲು. ಇಲ್ಲಿ ಒಂದು ಒಳಗುಟ್ಟು ಇದೆ. ಕಂಪನಿಯವರ ಪಟ್ಟಿಯಲ್ಲಿ ವ್ಹೀಲ್‌ಚೇರ್ ಮೂರು ಬಗೆ. ಅವರು ಬರೆಯುವ ಸಂಕೇತದ ಕೊನೆಯ ಅಕ್ಷರ 'ಆರ್' ಇದ್ದರೆ ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು ಎಂದರ್ಥ. 'ಎಸ್' ಅಂದರೆ ಮೆಟ್ಟಿಲೂ ಹತ್ತಲಾರರು. 'ಸಿ' ಅಂದರೆ ಸೀಟಿನವರೆಗೂ ಒಯ್ಯಬೇಕು. ಸುಮ್ನೆ "ವ್ಹೀಲ್‌ಚೇರ್ ಬೇಕು" ಅಂದರೆ ಸಾಮಾನ್ಯವಾಗಿ ಮೊದಲನೆಯದನ್ನು ಬರೆದುಕೊಳ್ಳುತ್ತಾರೆ. ಚಿಕ್ಕ ನಿಲ್ದಾಣದಲ್ಲಿ ಏರೋಬ್ರಿಜ್, ಅಂದರೆ ಕಟ್ಟಡದಿಂದ ನೇರ ವಿಮಾನದ ಬಾಗಿಲಿಗೆ ಹೋಗುವ ಸೇತುವೆ, ಸಾಮಾನ್ಯವಾಗಿ ಇರುವುದಿಲ್ಲ. ವಿಮಾನದ ಬುಡದವರೆಗೆ ತಳ್ಳಿಕೊಂಡು ಹೋಗಿ ನಿಲ್ಲಿಸಿ, "ಹತ್ತಿ ಅಮ್ಮ" ಅನ್ನುತ್ತಾರೆ. ನಿಮ್ಮ ಅವ್ವ ಮೆಟ್ಟಿಲು ಹತ್ತಲಾರರು ಎಂದಾದರೆ 'ಎಸ್' ಎಂದೇ ಬರೆಸಿ, ಮೇಲೆ ಎತ್ತುವ ವ್ಯವಸ್ಥೆ ಏನು ಅಂತ ಆ ನಿಲ್ದಾಣದ ಕೌಂಟರಿಗೇ ಫೋನ್ ಮಾಡಿ ಕೇಳಿ. ಲಿಫ್ಟ್ ಇರುವ ಗಾಡಿಯೋ, ಇಳಿಜಾರು ಹಲಗೆಯೋ, ನಾಲ್ಕು ಜನ ಕುರ್ಚಿ ಸಮೇತ ಎತ್ತುವುದೋ ಎಂದು ಹೊರಡುವ ಮೊದಲೇ ನಿಮಗೆ ಗೊತ್ತಿರಬೇಕು.

ವಿಮಾನ ಯಾವುದು ಎನ್ನುವುದೂ ಇಲ್ಲಿ ಮುಖ್ಯ. ಗೋವಾದ ಎಟಿಆರ್‌ಗೆ ಬಾಗಿಲು ಹಿಂದೆ, ಬಾಲದ ಹತ್ತಿರ. ಬಾಗಿಲೇ ಕೆಳಗೆ ಬಿಚ್ಚಿಕೊಂಡು ಮೆಟ್ಟಿಲಾಗುತ್ತದೆ, ಐದಾರು ಮೆಟ್ಟಿಲು ಅಷ್ಟೇ. ಹಾಗಾಗಿ ಹಿಂದಿನ ಸಾಲಿನ ಸೀಟು ಕೇಳಿ, ಒಳಗೆ ನಡೆಯುವುದು ತಪ್ಪುತ್ತದೆ. ಮುಂದಿನ ಸೀಟೇ ಒಳ್ಳೆಯದು ಅಂದುಕೊಂಡು ದುಡ್ಡು ಕೊಟ್ಟು ಮುಂದೆ ಕೂತವರು ಇಡೀ ವಿಮಾನ ದಾಟಿ ನಡೆಯಬೇಕಾಗುತ್ತದೆ. ಎಂಬ್ರೇಯರ್-175 ಜೆಟ್ ವಿಮಾನದ ಬಾಗಿಲು ಮುಂದೆ, ನೆಲದಿಂದ ಬಹಳ ಎತ್ತರ. ಅದಕ್ಕೆ ಏಣಿಗಾಡಿ ಬರುತ್ತದೆ, ಮೆಟ್ಟಿಲೂ ಜಾಸ್ತಿ. ಅಲ್ಲಿ ಮುಂದಿನ ಸೀಟು ಕೇಳಿ. ಎರಡರಲ್ಲೂ ಸಾಮಾನ್ಯ ದರ್ಜೆಯ ಸಾಲಿನ ಎರಡೂ ಬದಿಗೆ ಎರಡೆರಡೇ ಸೀಟು, ನಡುವೆ ಸಿಕ್ಕಿಕೊಳ್ಳುವ ಸೀಟು ಇಲ್ಲ. ಅವ್ವನ ಪಕ್ಕದ ಸೀಟು ನಿಮ್ಮದಾದರೆ ಮುಗಿಯಿತು. ಎಟಿಆರ್‌ನಲ್ಲಿ ತಲೆಯ ಮೇಲಿನ ಗೂಡು ಸಣ್ಣದು. ಚಕ್ರದ ಬ್ಯಾಗನ್ನು ಬಾಗಿಲಲ್ಲೇ ತೆಗೆದುಕೊಂಡು ಕೆಳಗೆ ಹಾಕುತ್ತಾರೆ. ಔಷಧಿ, ಪವರ್ ಬ್ಯಾಂಕ್, ಎಕ್ಸ್‌ರೇ ಕಾಗದ ಬೇರೆ ಕೈಚೀಲದಲ್ಲಿ ಇಟ್ಟುಕೊಳ್ಳಿ.

ನಮ್ಮವರು ಬರಿಗೈಯಲ್ಲಿ ಹೋಗುವುದಿಲ್ಲ, ಅದಕ್ಕೆ ಒಂದು ಮಾತು. ಖಡಕ್ ರೊಟ್ಟಿ ಕೈಯಲ್ಲೇ ಒಯ್ಯಬಹುದು. ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ, ತುಪ್ಪ ಎಲ್ಲ ದೊಡ್ಡ ಬ್ಯಾಗಿಗೆ ಹಾಕಿ. ಒಣಕೊಬ್ಬರಿ ಮಾತ್ರ ಎರಡರಲ್ಲೂ ಬೇಡ. ಎಣ್ಣೆ ಅಂಶ ಜಾಸ್ತಿ, ಬೆಂಕಿ ಹಿಡಿಯುವ ವಸ್ತು ಅಂತ ತೆಗೆಸುತ್ತಾರೆ.

ಚೆಕ್‌ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲು ಮುಚ್ಚುತ್ತದೆ. ಚಿಕ್ಕ ನಿಲ್ದಾಣ, ಕೊನೆಗೆ ಓಡಿ ಹತ್ತಬಹುದು ಅಂದುಕೊಳ್ಳಬೇಡಿ. ಒಳಗೆ ದೊಡ್ಡ ಹೋಟೆಲ್ಲು ಇರುವುದಿಲ್ಲ, ತಿಂದುಕೊಂಡೇ ಹೋಗಿ. ಮುಂಬೈ ಟಿಕೆಟ್ಟಿನಲ್ಲಿ ಊರಿನ ಸಂಕೇತವನ್ನೂ ನೋಡಿಕೊಳ್ಳಿ. ನವಿ ಮುಂಬೈ ನಿಲ್ದಾಣ 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ ಡಿಸೆಂಬರಿನಲ್ಲಿ ಶುರುವಾಗಿದೆ. 'ಬಿಒಎಂ' ಅಂದರೆ ಹಳೆಯ ಮುಂಬೈ ನಿಲ್ದಾಣ, 'ಎನ್‌ಎಂಐ' ಅಂದರೆ ನವಿ ಮುಂಬೈ. ಆಸ್ಪತ್ರೆ ಪರೇಲಿನಲ್ಲಿದ್ದು ನೀವು ನವಿ ಮುಂಬೈ ನಿಲ್ದಾಣವಿರುವ ಉಲ್ವೆಯಲ್ಲಿ ಇಳಿದರೆ ಅವ್ವನಿಗೆ ಕಾರಿನಲ್ಲಿ ಇನ್ನೊಂದು ಪ್ರಯಾಣ.

ಕ್ಯಾನ್ಸಲ್ ಆದರೆ ನಿಮ್ಮ ಹಕ್ಕೇನು? ಬದಲಿ ಹಾರಾಟ ಅಥವಾ ಪೂರ್ತಿ ಹಣ ವಾಪಸ್, ಆಯ್ಕೆ ನಿಮ್ಮದು. ಹೊತ್ತಿಗೆ ಸರಿಯಾಗಿ ಮುಂಚೆ ತಿಳಿಸದೆ ರದ್ದು ಮಾಡಿದರೆ ಪರಿಹಾರವೂ ಇದೆ. ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಯದಕ್ಕೆ 7,500 ರೂಪಾಯಿ. ಟಿಕೆಟ್ಟಿನ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಇದಕ್ಕಿಂತ ಕಡಿಮೆಯಾದರೆ ಅಷ್ಟೇ ಸಿಗುತ್ತದೆ. ಎರಡು ಗಂಟೆ ತಡವಾದರೆ ತಿಂಡಿ-ನೀರು ಕೊಡಬೇಕು. ಆದರೆ ಹವೆ ಕೆಟ್ಟಿತು, ಮುಂಬೈಯಲ್ಲಿ ಸಂಚಾರ ದಟ್ಟಣೆ ಎಂದಾದರೆ ಪರಿಹಾರದ ಹಣ ಇಲ್ಲ. ಕಾರಣವನ್ನು ಬರವಣಿಗೆಯಲ್ಲಿ ಕೇಳಿ. 'ಕಾರ್ಯಾಚರಣೆಯ ಕಾರಣ' ಎಂದು ಬರೆದುಕೊಟ್ಟರೆ ಅದು ಹವೆ ಅಲ್ಲ, ಆಗ ಬಿಡಬೇಡಿ. ವಿಮಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಹಾಕಬಹುದು.

ಕೊನೆಗೆ ನಿಮ್ಮ ಪ್ಲಾಟ್. ಮೂರು ಮಹಡಿ ಅಂದರೆ ಹತ್ತು-ಹನ್ನೆರಡು ಮೀಟರ್. ರನ್‌ವೇಯ ಪಕ್ಕಕ್ಕೆ ಒಂದೆರಡು ಕಿಲೋಮೀಟರ್ ಆಚೆಯಿದ್ದರೆ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ. ರನ್‌ವೇಯ ನೇರಕ್ಕೆ, ವಿಮಾನ ಏರಿ ಇಳಿಯುವ ದಾರಿಯಲ್ಲಿದ್ದರೆ ಮೇಲೆ ಹೇಳಿದ 50ಕ್ಕೆ 1ರ ಲೆಕ್ಕ ಹಾಕಿ ನೋಡಿ, 12 ಮೀಟರ್ ಮನೆಗೆ 600 ಮೀಟರ್ ಬೇಕು. ಮಾತಿನ ಮೇಲೆ ನಂಬಬೇಡಿ, ಬಿಲ್ಡರ್ ಮಾತಿನ ಮೇಲಂತೂ ಬೇಡವೇ ಬೇಡ. ವಿಮಾನ ನಿಲ್ದಾಣ ಪ್ರಾಧಿಕಾರ ನಿಲ್ದಾಣಗಳ ಸುತ್ತ ಬಣ್ಣದ ವಲಯ ನಕ್ಷೆ ಮಾಡುತ್ತದೆ. ಯಾವ ಬಣ್ಣದಲ್ಲಿ ಎಷ್ಟು ಎತ್ತರದವರೆಗೆ ಸ್ಥಳೀಯ ಸಂಸ್ಥೆಯೇ ಅನುಮತಿ ಕೊಡಬಹುದು ಎಂದು ಅದರಲ್ಲಿ ಇರುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಅಥವಾ ಕೆಂಪು ವಲಯದಲ್ಲಿದ್ದರೆ ಪ್ರಾಧಿಕಾರದ ಆನ್‌ಲೈನ್ ಅರ್ಜಿಯಲ್ಲಿ 'ನಮ್ಮ ಅಡ್ಡಿ ಇಲ್ಲ' ಎಂಬ ಎತ್ತರದ ಎನ್‌ಒಸಿ ತೆಗೆದುಕೊಳ್ಳಬೇಕು. ಜನ ಎಡವುವುದು ಒಂದೇ ಕಡೆ: ಎನ್‌ಒಸಿಯಲ್ಲಿ ಬರೆಯುವ ಎತ್ತರ ನೆಲದಿಂದ ಅಲ್ಲ, ಸಮುದ್ರಮಟ್ಟದಿಂದ. ನಿಮ್ಮ ಪ್ಲಾಟಿನ ನೆಲದ ಎತ್ತರವನ್ನು ಅದರಿಂದ ಕಳೆಯಬೇಕು. ಉಳಿದ ಎತ್ತರದಲ್ಲಿ ಮಹಡಿಯಷ್ಟೇ ಅಲ್ಲ, ಮೆಟ್ಟಿಲ ಕೋಣೆ, ನೀರಿನ ಟ್ಯಾಂಕ್, ಮುಂದೆ ಬಾಡಿಗೆಗೆ ಕೊಡಬಹುದಾದ ಮೊಬೈಲ್ ಟವರ್ ಎಲ್ಲವೂ ಸೇರಿರಬೇಕು. ಪಾಯ ತೋಡುವ ಮೊದಲೇ ಸರ್ವೇಯರ್ ಕರೆಸಿ ಅಳತೆ ಮಾಡಿಸಿ.